ಕಣದ ಹೊರಮೈಯೂ ದೇಹದ ಕಾವಲೂ

ಲೋಹಗಳಲ್ಲೆಲ್ಲ ಚಿನ್ನ ಬಹು ನಿರ್ಲಿಪ್ತವಾದುದು. ಗಾಳಿಯಲ್ಲಿಟ್ಟರೆ ತುಕ್ಕು ಹಿಡಿಯದು, ನೀರಿನಲ್ಲಿಟ್ಟರೆ ಕರಗದು, ಸಾಮಾನ್ಯ ಆಮ್ಲಗಳಿಗೂ ಜಗ್ಗದು. ಕಿವಿಯ ಓಲೆಯಾಗಿ, ಮೂಗಿನ ಬೊಟ್ಟಾಗಿ ಜೀವಮಾನವೆಲ್ಲ ಮೈಗೆ ತಾಗಿಕೊಂಡಿದ್ದರೂ ದೇಹ ಅದನ್ನು ಸಾಧಾರಣವಾಗಿ ವಿರೋಧಿಸುವುದಿಲ್ಲ. ದಂತವೈದ್ಯರು ಹಲ್ಲಿನ ಕುಳಿಗೆ ಅದನ್ನು ತುಂಬುತ್ತಿದ್ದುದೂ ಈ ಗುಣದಿಂದಲೇ.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೧ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಈ ಚಿನ್ನವನ್ನೇ ಅತಿಸೂಕ್ಷ್ಮ ಕಣಗಳ ರೂಪದಲ್ಲಿ ಬಳಸಿದರು. ಕಣಗಳ ಮೇಲೆ ಪಾಲಿಅಕ್ರಿಲಿಕ್ ಆಮ್ಲವೆಂಬ, ಋಣವಿದ್ಯುದಂಶವುಳ್ಳ ಲೇಪವಿತ್ತು. ೫ ನ್ಯಾನೋಮೀಟರು ವ್ಯಾಸದ ಕಣಗಳು ಮನುಷ್ಯರಕ್ತದ ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಕೂಡಿಕೊಂಡು ಮಾನವಮೂಲದ ರಕ್ಷಕ ಕೋಶಗಳ ಬಳಿಗೆ ಬಂದಾಗ, ಆ ಕೋಶಗಳು ಉರಿಯೂತವನ್ನು ಹುಟ್ಟಿಸುವ ಸಂಕೇತದ್ರವ್ಯಗಳನ್ನು ಹೊರಸೂಸಿದುವು. ಅದೇ ಚಿನ್ನ, ಅದೇ ಲೇಪ, ಅದೇ ಪ್ರೋಟೀನು. ಆದರೆ ಕಣದ ವ್ಯಾಸ ೨೦ ನ್ಯಾನೋಮೀಟರು ಆದಾಗ ಕೋಶಗಳು ಸುಮ್ಮನಿದ್ದುವು.

ಇದಕ್ಕೆ ಕಾರಣವೇನು? ಚಿನ್ನ ತನ್ನ ನಿರ್ಲಿಪ್ತ ಸ್ವಭಾವವನ್ನು ಬಿಟ್ಟುಕೊಟ್ಟಿತೆ? ಹಾಗೇನೂ ಇಲ್ಲ. ಕೋಶಕ್ಕೆ ಚಿನ್ನದ ಸಂಪರ್ಕವೇ ಆಗಿರಲಿಲ್ಲ. ಕೋಶ ತಡವಿ ನೋಡಿದುದು ಕಣದ ಹೊರಮೈಯನ್ನು. ಅದೂ ಪ್ರಯೋಗಶಾಲೆಯಲ್ಲಿ ಕೊಟ್ಟ ಹೊರಮೈಯನ್ನಲ್ಲ, ಪ್ರೋಟೀನಿನೊಡನೆ ಬೆರೆತ ಮೇಲೆ ಕಣವು ಪಡೆದುಕೊಂಡ ಹೊಸ ಹೊರಮೈಯನ್ನು. ಈ ಒಂದು ತತ್ತ್ವವನ್ನು ಹಂತಹಂತವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಔಷಧಿಯಾಗಿ ದೇಹದೊಳಕ್ಕೆ ಹೋಗುವ ಕಣಗಳಿಗೂ, ಉಸಿರಿನೊಡನೆ ಒಳಸೇರುವ ಧೂಳಿಗೂ ಇದು ಸಮಾನವಾಗಿ ಅನ್ವಯಿಸುವುದರಿಂದ ವಿದ್ಯಾರ್ಥಿಗಳು ಇದನ್ನು ಅರಿತಿರುವುದು ಅಗತ್ಯ.

ಮೇಲ್ಮೈಯ ಲೆಕ್ಕ

ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗಕ್ಕೆ ನ್ಯಾನೋಮೀಟರು ಎಂದು ಹೆಸರು. ನಮ್ಮ ಕೆಂಪು ರಕ್ತಕೋಶದ ವ್ಯಾಸವೇ ೭,೦೦೦ರಿಂದ ೮,೦೦೦ ನ್ಯಾನೋಮೀಟರು. ಸುಮಾರು ೧ರಿಂದ ೧೦೦ ನ್ಯಾನೋಮೀಟರು ಅಳತೆಯ ಕಣಗಳನ್ನು ನ್ಯಾನೋಕಣಗಳೆಂದು ಕರೆಯುವುದು ವಾಡಿಕೆ. ಸಣ್ಣದಾದ ಮಾತ್ರಕ್ಕೆ ವಸ್ತುವಿನ ನಡತೆ ಏಕೆ ಬದಲಾಗಬೇಕು? ಪ್ರೌಢಶಾಲೆಯ ಗಣಿತವೇ ಇದಕ್ಕೆ ಉತ್ತರ ಕೊಡಬಲ್ಲುದು.

೧ ಸೆಂಟಿಮೀಟರು ಬದಿಯ ಒಂದು ಘನವನ್ನು ತೆಗೆದುಕೊಳ್ಳೋಣ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ ೬ ಚದರ ಸೆಂಟಿಮೀಟರು. ಅದನ್ನು ೧೦ ನ್ಯಾನೋಮೀಟರು ಬದಿಯ ಪುಟ್ಟ ಘನಗಳಾಗಿ ಕತ್ತರಿಸಿದೆವೆಂದು ಭಾವಿಸೋಣ. ವಸ್ತುವಿನ ಒಟ್ಟು ಗಾತ್ರ ಮೊದಲಿನಷ್ಟೇ ಉಳಿಯುವುದು. ಬದಿಯ ಉದ್ದ ಹತ್ತು ಲಕ್ಷ ಪಾಲು ಕಡಮೆಯಾಗಿರುವುದರಿಂದ ಒಟ್ಟು ಮೇಲ್ಮೈ ಹತ್ತು ಲಕ್ಷ ಪಾಲು ಹೆಚ್ಚುವುದು. ಅಂದರೆ ೬೦೦ ಚದರ ಮೀಟರು! ಬೆರಳ ತುದಿಯಷ್ಟಿದ್ದ ತುಣುಕು ೩೦ ಮೀಟರು ಉದ್ದ, ೨೦ ಮೀಟರು ಅಗಲದ ನಿವೇಶನದಷ್ಟು ಮೇಲ್ಮೈಯನ್ನು ಪಡೆದಂತಾಯಿತು.

ಇದನ್ನೇ ಪರಮಾಣುಗಳ ಲೆಕ್ಕದಲ್ಲಿಯೂ ನೋಡಬಹುದು. ೧ ಸೆಂಟಿಮೀಟರು ಬದಿಯ ಚಿನ್ನದ ಘನದಲ್ಲಿ ಕೋಟಿ ಪರಮಾಣುಗಳಿಗೆ ಒಂದೋ ಎರಡೋ ಮಾತ್ರ ಹೊರಪದರದಲ್ಲಿರುತ್ತವೆ. ೫ ನ್ಯಾನೋಮೀಟರು ವ್ಯಾಸದ ಚಿನ್ನದ ಗೋಳದಲ್ಲಾದರೋ ಸುಮಾರು ೪,೦೦೦ ಪರಮಾಣುಗಳಿದ್ದು, ಅವುಗಳಲ್ಲಿ ಸುಮಾರು ೧,೦೦೦ ಹೊರಪದರದಲ್ಲಿಯೇ ಇರುತ್ತವೆ. ಒಳಗಿನ ಪರಮಾಣುವಿಗೆ ಎಲ್ಲ ದಿಕ್ಕುಗಳಲ್ಲಿಯೂ ನೆರೆಯವರುಂಟು. ಹೊರಪದರದ ಪರಮಾಣುವಿಗೆ ಒಂದು ಕಡೆ ನೆರೆಯವರಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಅದು ಸುತ್ತಲಿನ ಅಣುಗಳನ್ನು ಹಿಡಿದುಕೊಳ್ಳುವುದು. ಹೀಗೆ ಮೇಲ್ಮೈಗೆ ಅಣುಗಳು ಬಂದು ಅಂಟುವ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಆದುದರಿಂದ ನ್ಯಾನೋಕಣವು ಬರಿಮೈಯಲ್ಲಿ ಇರಲಾರದು. ಏನನ್ನಾದರೂ ಹೊದ್ದುಕೊಂಡೇ ಇರುವುದು ಅದರ ಸ್ವಭಾವ.

ಫ್ಯಾರಡೆಯ ಮಾಣಿಕ್ಯ ದ್ರವ

ಮೈಕೆಲ್ ಫ್ಯಾರಡೆ ಚಿನ್ನದ ಲವಣವನ್ನು ರಂಜಕದಿಂದ ಅಪಕರ್ಷಿಸಿ ಮಾಣಿಕ್ಯದಂತೆ ಕೆಂಪಾದ ದ್ರವವನ್ನು ಪಡೆದು, ೧೮೫೭ರಲ್ಲಿ ಅದನ್ನು ವಿವರಿಸಿದನು. ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಚಿನ್ನದ ಕಣಗಳೇ ಈ ಬಣ್ಣಕ್ಕೆ ಕಾರಣವೆಂದು ಅವನು ಸರಿಯಾಗಿ ಊಹಿಸಿದನು. ದ್ರವಕ್ಕೆ ಉಪ್ಪನ್ನು ಸೇರಿಸಿದೊಡನೆ ಕೆಂಪು ಹೋಗಿ ನೀಲಿ ಬರುವುದನ್ನೂ ಅವನು ಗಮನಿಸಿದ್ದನು.

ಉಪ್ಪು ಇಲ್ಲಿ ಮಾಡುವ ಕೆಲಸವೇನು? ಕಣಗಳ ಮೇಲೆ ಒಂದೇ ಬಗೆಯ ವಿದ್ಯುದಂಶ ಇರುವಾಗ ಅವು ಒಂದನ್ನೊಂದು ದೂಡುತ್ತಾ ಬಿಡಿಬಿಡಿಯಾಗಿ ತೇಲುವುವು. ಉಪ್ಪಿನ ಅಯಾನುಗಳು ಕಣವನ್ನು ಸುತ್ತುವರಿದು ಆ ವಿದ್ಯುದ್ಬಲವನ್ನು ಮರೆಮಾಡುವುವು. ಆಗ ಕಣಗಳು ಹತ್ತಿರ ಬಂದು ಗುಂಪುಗೂಡುವುವು, ಬಣ್ಣ ಬದಲಾಗುವುದು. ನಮ್ಮ ರಕ್ತವೂ ಉಪ್ಪು ದ್ರವವೇ. ಅದರಲ್ಲಿರುವಷ್ಟು ಲವಣದಲ್ಲಿ ವಿದ್ಯುದಂಶದ ಪ್ರಭಾವ ಒಂದು ನ್ಯಾನೋಮೀಟರಿಗೂ ಕಡಮೆ ದೂರದಲ್ಲಿಯೇ ಕುಗ್ಗಿಹೋಗುವುದು. ಬಟ್ಟಿಯಿಳಿಸಿದ ನೀರಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಕಣವು ರಕ್ತದಲ್ಲಿಯೂ ಹಾಗೆಯೇ ಉಳಿಯುವುದೆಂದು ನಂಬುವಂತಿಲ್ಲ.

೨೦ನೆಯ ಶತಮಾನದ ಆರಂಭದಲ್ಲಿ ರಿಕರ್ಡ್ ಜಿಗ್ಮಂಡಿ ಎಂಬ ರಸಾಯನಶಾಸ್ತ್ರಜ್ಞ ಇದಕ್ಕೆ ಪೂರಕವಾದ ಇನ್ನೊಂದು ಸಂಗತಿಯನ್ನು ಅಳೆದು ತೋರಿಸಿದನು. ಕೆಂಪು ದ್ರವಕ್ಕೆ ಮೊದಲು ಸ್ವಲ್ಪ ಜೆಲಟಿನನ್ನು ಬೆರೆಸಿಟ್ಟರೆ, ಅನಂತರ ಉಪ್ಪು ಹಾಕಿದರೂ ಬಣ್ಣ ಕೆಡದು. ಜೆಲಟಿನ್ ಒಂದು ಪ್ರೋಟೀನು. ಅದು ಕಣದ ಮೈಗೆ ಅಂಟಿ ಕವಚವಾಗಿ ನಿಲ್ಲುವುದು. ಕಲಿಲಗಳ ಬಗೆಗಿನ ಸಂಶೋಧನೆಗಾಗಿ ಅವನಿಗೆ ೧೯೨೫ನೆಯ ವರ್ಷದ ನೊಬೆಲ್ ಬಹುಮಾನ ದೊರೆಯಿತು. ಪ್ರೋಟೀನುಗಳು ಕಣದ ಮೈಯನ್ನು ಹೊದಿಸಿ ಅದರ ನಡತೆಯನ್ನೇ ಬದಲಿಸಬಲ್ಲುವು ಎಂಬ ಪಾಠ ಹೀಗೆ ನೂರು ವರ್ಷಗಳ ಹಿಂದೆಯೇ ಗಾಜಿನ ನಳಿಗೆಯಲ್ಲಿ ಸಿದ್ಧವಾಗಿತ್ತು. ರಕ್ಷಕ ಕೋಶಗಳ ಪ್ರಶ್ನೆಗೆ ಅದನ್ನು ಅನ್ವಯಿಸುವುದು ಮಾತ್ರ ಉಳಿದಿತ್ತು.

ಕಾವಲು ಕೋಶಗಳು

ರಷ್ಯದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್ ೧೮೮೨ರಲ್ಲಿ ಸಿಸಿಲಿ ದ್ವೀಪದ ಮೆಸಿನಾ ನಗರದಲ್ಲಿದ್ದಾಗ, ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಮುಳ್ಳು ಚುಚ್ಚಿ ಪರೀಕ್ಷಿಸಿದನು. ಮರುದಿನ ನೋಡುವಾಗ ಸಂಚಾರಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದುವು. ಹೊರಗಿನಿಂದ ಬಂದ ವಸ್ತುವನ್ನು ಸುತ್ತುವರಿದು ನುಂಗುವ ಕೋಶಗಳೇ ಪ್ರಾಣಿದೇಹದ ರಕ್ಷಕರೆಂಬ ಸಿದ್ಧಾಂತಕ್ಕೆ ಇದು ನಾಂದಿಯಾಯಿತು. ೧೯೦೮ರ ನೊಬೆಲ್ ಬಹುಮಾನವನ್ನು ಅವನು ಪಾಲ್ ಎರ್ಲಿಕ್‌ನೊಡನೆ ಹಂಚಿಕೊಂಡನು.

ನಮ್ಮ ರಕ್ತದಲ್ಲಿ ಸಂಚರಿಸುವ ಮಾನೊಸೈಟು, ನ್ಯೂಟ್ರೊಫಿಲ್ ಎಂಬ ಬಿಳಿಯ ಕೋಶಗಳೂ, ಪಿತ್ತಜನಕಾಂಗ, ಗುಲ್ಮ, ಶ್ವಾಸಕೋಶಗಳಲ್ಲಿ ನೆಲೆನಿಂತ ಮ್ಯಾಕ್ರೋಫೇಜ್ ಅಥವಾ ಮಹಾಭಕ್ಷಕ ಕೋಶಗಳೂ ಈ ಕಾವಲು ಪಡೆಗೆ ಸೇರಿದವು. ಇವುಗಳಿಗೆ ಕಣ್ಣಿಲ್ಲ. ಕೋಶದ ಪೊರೆಯ ಮೇಲೆ ನಾಟಿರುವ ಗ್ರಾಹಕವೆಂಬ ಪ್ರೋಟೀನುಗಳೇ ಇವುಗಳ ಸ್ಪರ್ಶೇಂದ್ರಿಯ. ಗ್ರಾಹಕಕ್ಕೆ ಹೊಂದುವ ಆಕಾರ ಎದುರಿನ ಮೇಲ್ಮೈಯಲ್ಲಿ ಇದ್ದರೆ ಅದು ಗುರುತಿಸುವುದು, ಇಲ್ಲವಾದರೆ ಇಲ್ಲ. ಮೇಲ್ಮೈಯ ಒಳಗೆ ಚಿನ್ನವಿದೆಯೋ ಮರಳಿದೆಯೋ ಎಂಬುದು ಅದಕ್ಕೆ ತಿಳಿಯುವ ದಾರಿಯಿಲ್ಲ.

ಬೇಟೆಯನ್ನು ಗುರುತಿಸುವುದಕ್ಕೆ ಈ ಕೋಶಗಳಿಗೆ ರಕ್ತವೂ ನೆರವಾಗುತ್ತದೆ. ಲಂಡನ್ನಿನಲ್ಲಿ ಆಲ್ಮ್‌ರಾತ್ ರೈಟ್ ಮತ್ತು ಸ್ಟೂವರ್ಟ್ ಡಗ್ಲಸ್ ೧೯೦೩ರಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ರಕ್ತರಸವು ರೋಗಾಣುಗಳ ಮೇಲೆ ಯಾವುದೋ ಪದಾರ್ಥವನ್ನು ಲೇಪಿಸಿದ ಮೇಲೆ ಭಕ್ಷಕ ಕೋಶಗಳು ಅವನ್ನು ಹೆಚ್ಚು ಸುಲಭವಾಗಿ ನುಂಗುವುವು. ಅಡುಗೆಮಾಡಿ ಬಡಿಸುವುದೆಂಬ ಅರ್ಥದ ಗ್ರೀಕ್ ಪದದಿಂದ ಅವರು ಈ ಪದಾರ್ಥಗಳಿಗೆ ಆಪ್ಸೊನಿನ್ ಎಂದು ಹೆಸರಿಟ್ಟರು. ಪ್ರತಿಕಾಯಗಳೂ, ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳೂ ಈ ವರ್ಗಕ್ಕೆ ಸೇರಿದವೆಂದು ಈಗ ತಿಳಿದಿದೆ. ಕಾಂಪ್ಲಿಮೆಂಟ್ ಗುಂಪಿನ ಒಂದು ಪ್ರೋಟೀನು, ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಅಥವಾ ಅಮೈನೊ ಗುಂಪುಗಳು ಸಿಕ್ಕಿದರೆ ಅಲ್ಲಿ ರಾಸಾಯನಿಕ ಬಂಧದಿಂದಲೇ ಭದ್ರವಾಗಿ ಕುಳಿತುಬಿಡುವುದು. ಮೇಲ್ಮೈಯ ರಸಾಯನ ಮುಖ್ಯವಾಗುವುದು ಹೀಗೆ.

ರಕ್ತ ತೊಡಿಸುವ ಪ್ರಭಾವಳಿ

ಒಂದು ಲೀಟರು ಪ್ಲಾಸ್ಮಾದಲ್ಲಿ ೬೦ರಿಂದ ೮೦ ಗ್ರಾಂ ಪ್ರೋಟೀನು ಇದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಆಲ್ಬುಮಿನ್. ಉಳಿದುದರಲ್ಲಿ ಪ್ರತಿಕಾಯಗಳು, ಫೈಬ್ರಿನೊಜೆನ್, ಮೇದಸ್ಸನ್ನು ಹೊರುವ ಪ್ರೋಟೀನುಗಳು ಮುಂತಾಗಿ ನೂರಾರು ಬಗೆಗಳಿವೆ. ಇಂಥ ದಟ್ಟ ದ್ರವದೊಳಕ್ಕೆ ನ್ಯಾನೋಕಣ ಇಳಿದೊಡನೆ ಅದರ ಮೈಗೆ ಪ್ರೋಟೀನುಗಳು ಅಂಟತೊಡಗುವುವು. ಮೊದಲು ಬರುವವು ಸಂಖ್ಯೆಯಲ್ಲಿ ಹೆಚ್ಚಾಗಿದ್ದು ಬೇಗ ಚಲಿಸುವಂಥವು. ಹೊತ್ತು ಕಳೆದಂತೆ, ಸಂಖ್ಯೆಯಲ್ಲಿ ಕಡಮೆಯಾದರೂ ಆ ಮೇಲ್ಮೈಯ ಮೇಲೆ ಹೆಚ್ಚು ಒಲವುಳ್ಳ ಪ್ರೋಟೀನುಗಳು ಬಂದು ಮೊದಲಿನವನ್ನು ಎಬ್ಬಿಸಿ ತಾವು ಕುಳಿತುಕೊಳ್ಳುವುವು. ಗಾಜು, ಲೋಹ ಮೊದಲಾದ ಮೇಲ್ಮೈಗಳ ಮೇಲೆ ಇಂಥ ಸ್ಥಾನಪಲ್ಲಟವನ್ನು ೧೯೬೦ರ ದಶಕದಲ್ಲಿ ಅಭ್ಯಸಿಸಿದ ಲಿಯೋ ವ್ರೋಮನ್‌ನ ಹೆಸರಿನಿಂದಲೇ ಇದನ್ನು ವ್ರೋಮನ್ ಪರಿಣಾಮವೆಂದು ಕರೆಯುತ್ತಾರೆ.

೨೦೦೭ರಲ್ಲಿ ಐರ್ಲೆಂಡಿನ ಡಬ್ಲಿನ್ ಮತ್ತು ಸ್ವೀಡನ್ನಿನ ಲುಂಡ್ ನಗರಗಳ ವಿಜ್ಞಾನಿಗಳು ನ್ಯಾನೋಕಣಗಳ ಸುತ್ತಲಿನ ಈ ಪ್ರೋಟೀನು ಹೊದಿಕೆಗೆ ಕಿರೀಟವೆಂಬ ಅರ್ಥದ ಕರೋನ ಎಂಬ ಹೆಸರನ್ನು ಬಳಕೆಗೆ ತಂದರು. ನಾವು ಇದನ್ನು ಪ್ರಭಾವಳಿ ಎನ್ನಬಹುದು. ದೇವರ ವಿಗ್ರಹದ ಪ್ರಭಾವಳಿಯನ್ನು ತೆಗೆದು ಬೇರೆಡೆ ಇಟ್ಟರೂ ವಿಗ್ರಹ ಅದೇ ಆಗಿರುವುದು. ಇಲ್ಲಿ ಹಾಗಲ್ಲ, ಕೋಶದ ಮಟ್ಟಿಗೆ ಪ್ರಭಾವಳಿಯೇ ವಿಗ್ರಹ. ಅದರ ಒಳಪದರ ಗಂಟೆಗಟ್ಟಲೆ ಬಿಡದೆ ಅಂಟಿಕೊಂಡಿರಬಲ್ಲುದು. ಹೊರಪದರದ ಪ್ರೋಟೀನುಗಳು ಬಂದುಹೋಗುತ್ತಿರುವುವು.

ಈಗ ಮೊದಲು ಹೇಳಿದ ಚಿನ್ನದ ಪ್ರಯೋಗಕ್ಕೆ ಮರಳೋಣ. ಫೈಬ್ರಿನೊಜೆನ್ ಸುಮಾರು ೪೫ ನ್ಯಾನೋಮೀಟರು ಉದ್ದದ, ಕೋಲಿನಂಥ ಪ್ರೋಟೀನು. ರಕ್ತ ಹೆಪ್ಪುಗಟ್ಟಲು ಬೇಕಾದುದು. ಅದರ ಮೈಯಲ್ಲಿ ಬಿಳಿಯ ಕೋಶಗಳ ಮ್ಯಾಕ್-೧ ಎಂಬ ಗ್ರಾಹಕಕ್ಕೆ ಹೊಂದುವ ಒಂದು ತುಣುಕು ಇದೆ. ಪ್ರೋಟೀನು ಮಡಿಸಿದ ಸ್ಥಿತಿಯಲ್ಲಿ ರಕ್ತದಲ್ಲಿ ಹರಿಯುತ್ತಿರುವಾಗ ಆ ತುಣುಕು ಒಳಗೆ ಅಡಗಿರುವುದರಿಂದ ಕೋಶಗಳು ಅದನ್ನು ಗಮನಿಸುವುದಿಲ್ಲ. ಗಾಯವಾಗಿ ಹೆಪ್ಪುಗಟ್ಟುವಾಗ ಅದು ಹೊರಗೆ ಕಾಣಿಸಿಕೊಳ್ಳುವುದು; ಕೋಶಗಳಿಗೆ ಅಪಾಯದ ಸುಳಿವು ಸಿಕ್ಕುವುದು. ೫ ನ್ಯಾನೋಮೀಟರಿನ ಕಣಕ್ಕೆ ಅಂಟಿದಾಗ ಫೈಬ್ರಿನೊಜೆನ್ನಿನ ಮಡಿಕೆ ಬಿಚ್ಚಿ, ಅಡಗಿದ್ದ ಆ ತುಣುಕು ಗಾಯವಿಲ್ಲದೆಯೇ ಹೊರಬಿದ್ದಿತು. ಮ್ಯಾಕ್-೧ ಅದನ್ನು ಹಿಡಿಯಿತು. ಕೋಶ ತನ್ನ ಅಭ್ಯಾಸದಂತೆ ಎಚ್ಚರಿಕೆಯ ಸಂಕೇತವನ್ನು ಹೊರಡಿಸಿತು. ೨೦ ನ್ಯಾನೋಮೀಟರಿನ ಕಣಕ್ಕೂ ಫೈಬ್ರಿನೊಜೆನ್ ಅಂಟಿತ್ತು. ಆದರೆ ಈ ಫಲ ಉಂಟಾಗಲಿಲ್ಲ. ಚಿಕ್ಕ ಗೋಳದ ಮೈ ಹೆಚ್ಚು ಬಾಗಿರುವುದರಿಂದ ಪ್ರೋಟೀನು ಅದರ ಮೇಲೆ ಕುಳಿತುಕೊಳ್ಳುವ ರೀತಿಯೇ ಬೇರೆಯಾಗುವುದೆಂದು ಊಹಿಸುವುದು ಸಹಜ. ಯಾವ ಪ್ರೋಟೀನು ಅಂಟಿತು ಎಂಬುದು ಮಾತ್ರವಲ್ಲ, ಯಾವ ಭಂಗಿಯಲ್ಲಿ ಅಂಟಿತು ಎಂಬುದೂ ಮುಖ್ಯವೆಂದು ಇದರಿಂದ ಸ್ಪಷ್ಟವಾಗುವುದು.

ವಿದ್ಯುದಂಶ ಮತ್ತು ಜಲದ್ವೇಷ

ಕಣದ ಹೊರಮೈಯ ಗುಣಗಳಲ್ಲಿ ಎರಡನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ವಿದ್ಯುದಂಶ. ನಮ್ಮ ಕೋಶಗಳ ಹೊರಮೈಯಲ್ಲಿ ಸಯಾಲಿಕ್ ಆಮ್ಲ ಮುಂತಾದ ಗುಂಪುಗಳಿರುವುದರಿಂದ ಅದು ಒಟ್ಟಿನಲ್ಲಿ ಋಣವಿದ್ಯುತ್ತಿನದು. ಅಮೈನೊ ಗುಂಪುಗಳನ್ನು ಹೊತ್ತ ಧನವಿದ್ಯುತ್ತಿನ ಕಣಗಳು ಸಹಜವಾಗಿಯೇ ಅದಕ್ಕೆ ಬಲವಾಗಿ ಅಂಟುವುವು. ಕೋಶ ಅವನ್ನು ಒಳಕ್ಕೆಳೆದುಕೊಂಡು, ಲೈಸೊಸೋಮ್ ಎಂಬ ಜೀರ್ಣಚೀಲಕ್ಕೆ ಸೇರಿಸುವುದು. ಅಲ್ಲಿನ ಆಮ್ಲದಲ್ಲಿ ಇಂಥ ಕಣಗಳು ಚೀಲದ ಪೊರೆಯನ್ನು ಘಾಸಿಗೊಳಿಸಬಲ್ಲುವು. ಚೀಲ ಒಡೆದರೆ ಒಳಗಿನ ಕಿಣ್ವಗಳು ಕೋಶದೊಳಕ್ಕೆ ಸೋರಿ, ಉರಿಯೂತಕ್ಕೂ ಒಮ್ಮೊಮ್ಮೆ ಕೋಶದ ಸಾವಿಗೂ ದಾರಿಯಾಗುವುದು. ಆದುದರಿಂದಲೇ ಬಲವಾದ ಧನವಿದ್ಯುದಂಶವುಳ್ಳ ಕಣಗಳ ವಿಷಯದಲ್ಲಿ ಸಂಶೋಧಕರು ಹೆಚ್ಚು ಎಚ್ಚರ ವಹಿಸುತ್ತಾರೆ. ಆದರೆ ಇಲ್ಲಿಯೂ ಪ್ರಭಾವಳಿಯನ್ನು ಮರೆಯುವಂತಿಲ್ಲ. ಆಲ್ಬುಮಿನ್ ರಕ್ತದಲ್ಲಿ ಋಣವಿದ್ಯುತ್ತನ್ನು ಹೊತ್ತಿರುವುದು. ಅದು ಸಾಕಷ್ಟು ಅಂಟಿಕೊಂಡರೆ ಧನಕಣವೂ ಋಣಕಣದಂತೆ ತೋರುವುದು.

ಎರಡನೆಯದು ನೀರಿನೊಡನೆ ಆ ಮೇಲ್ಮೈಗಿರುವ ಸಂಬಂಧ. ಎಣ್ಣೆಯಂತೆ ನೀರನ್ನು ಒಲ್ಲದ ಮೇಲ್ಮೈಯನ್ನು ಜಲದ್ವೇಷಿ ಎಂದು ಕರೆಯೋಣ. ಆರೋಗ್ಯವಂತ ಕೋಶದಲ್ಲಿ ಜಲದ್ವೇಷಿ ಭಾಗಗಳು ಪೊರೆಯ ಒಳಗೂ ಪ್ರೋಟೀನಿನ ಮಡಿಕೆಯ ಒಳಗೂ ಅಡಗಿರುತ್ತವೆ. ಅವು ಬಯಲಿಗೆ ಬರುವುದು ಕೋಶ ಒಡೆದಾಗ, ಪ್ರೋಟೀನು ಕೆಟ್ಟಾಗ. ಆದಕಾರಣ ಬಯಲಾದ ಜಲದ್ವೇಷಿ ಮೇಲ್ಮೈಯನ್ನು ದೇಹ ಬಹು ಪ್ರಾಚೀನ ಕಾಲದಿಂದಲೂ ಅಪಾಯದ ಗುರುತಾಗಿ ಓದುತ್ತ ಬಂದಿರಬಹುದೆಂದು ೨೦೦೪ರಲ್ಲಿ ಸಿಯಾಂಗ್ ಮತ್ತು ಮಾಟ್ಜಿಂಗರ್ ಎಂಬ ವಿಜ್ಞಾನಿಗಳು ಸೂಚಿಸಿದರು. ೨೦೧೨ರಲ್ಲಿ ಪ್ರಕಟವಾದ ಇನ್ನೊಂದು ಕೆಲಸ ಇದಕ್ಕೆ ಬೆಂಬಲವಾಗಿ ನಿಂತಿತು. ಒಂದೇ ಅಳತೆಯ ಚಿನ್ನದ ಕಣಗಳಿಗೆ ಹಂತಹಂತವಾಗಿ ಹೆಚ್ಚು ಜಲದ್ವೇಷವುಳ್ಳ ಹೊರತುದಿಗಳನ್ನು ಜೋಡಿಸಿ ಇಲಿಯ ಗುಲ್ಮದ ಕೋಶಗಳಿಗೆ ಒಡ್ಡಿದಾಗ, ಜಲದ್ವೇಷ ಹೆಚ್ಚಿದಂತೆ ಕೋಶಗಳ ಪ್ರತಿಕ್ರಿಯೆಯೂ ಹೆಚ್ಚಿತು.

ಮರೆಮಾಡುವ ಲೇಪ

ಔಷಧವನ್ನು ಹೊತ್ತ ಕಣ ಗಡ್ಡೆಯನ್ನು ಮುಟ್ಟುವ ಮೊದಲೇ ಪಿತ್ತಜನಕಾಂಗದ ಭಕ್ಷಕ ಕೋಶಗಳು ಅದನ್ನು ನುಂಗಿಬಿಟ್ಟರೆ ಚಿಕಿತ್ಸೆ ವ್ಯರ್ಥವಾಗುವುದು. ಇದನ್ನು ತಪ್ಪಿಸಲು ಕಂಡುಹಿಡಿದ ಉಪಾಯಗಳಲ್ಲಿ ಹೆಸರಾದುದು ಪಾಲಿಎಥಿಲೀನ್ ಗ್ಲೈಕಾಲ್, ಸಂಕ್ಷೇಪವಾಗಿ ಪೆಗ್, ಎಂಬ ಪಾಲಿಮರಿನ ಲೇಪ. ಇದು ನೀರನ್ನು ತುಂಬ ಪ್ರೀತಿಸುವ, ಬಳುಕುವ ಸರಪಳಿ. ಕಣದ ಮೈಮೇಲೆ ಇಂಥ ಸರಪಳಿಗಳು ಗದ್ದೆಯ ಪೈರಿನಂತೆ ಒತ್ತಾಗಿ ನಿಂತಾಗ, ಅವುಗಳ ನಡುವೆ ನೀರು ತುಂಬಿಕೊಳ್ಳುವುದು. ಪ್ರೋಟೀನು ಒಳನುಗ್ಗಬೇಕಾದರೆ ಸರಪಳಿಗಳನ್ನು ಅದುಮಿ ನೀರನ್ನು ಹೊರದೂಡಬೇಕು. ಅದಕ್ಕೆ ಶಕ್ತಿಯ ವೆಚ್ಚವುಂಟು. ಆದುದರಿಂದ ಬಹುಪಾಲು ಪ್ರೋಟೀನುಗಳು ದೂರವೇ ಉಳಿಯುವುವು.

೧೯೯೫ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್ ಎಂಬ ಔಷಧ ಈ ತತ್ತ್ವದ ಫಲ. ಸುಮಾರು ೧೦೦ ನ್ಯಾನೋಮೀಟರು ಅಳತೆಯ ಮೇದಸ್ಸಿನ ಗುಳ್ಳೆಯೊಳಗೆ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ತುಂಬಿ, ಹೊರಮೈಗೆ ಪೆಗ್ ಲೇಪಿಸಿರುತ್ತಾರೆ. ಇಂಥ ಗುಳ್ಳೆಗಳು ದಿನಗಟ್ಟಲೆ ರಕ್ತದಲ್ಲಿ ಸುತ್ತಾಡಬಲ್ಲುವು.

ಆದರೆ ದೇಹವನ್ನು ಸಂಪೂರ್ಣವಾಗಿ ವಂಚಿಸುವುದು ಸುಲಭವಲ್ಲ. ಪೆಗ್ ಲೇಪದ ಗುಳ್ಳೆಗಳನ್ನು ಒಮ್ಮೆ ಕೊಟ್ಟು, ಕೆಲವು ದಿನಗಳ ಅನಂತರ ಮತ್ತೆ ಕೊಟ್ಟಾಗ ಎರಡನೆಯ ಸಲದವು ಬೇಗನೆ ಮಾಯವಾಗುವುದು ಪ್ರಾಣಿಗಳಲ್ಲಿ ಕಂಡುಬಂದಿತು. ಪೆಗ್‌ಗೆ ವಿರುದ್ಧವಾಗಿಯೇ ದೇಹ ಪ್ರತಿಕಾಯಗಳನ್ನು ತಯಾರಿಸಿದ್ದುದು ಇದಕ್ಕೆ ಕಾರಣ. ಸೌಂದರ್ಯಸಾಧನಗಳಲ್ಲಿಯೂ ಕೆಲವು ಔಷಧಗಳಲ್ಲಿಯೂ ಪೆಗ್ ಬಳಕೆಯಲ್ಲಿರುವುದರಿಂದ, ಇಂಥ ಕಣಗಳನ್ನು ಎಂದೂ ಪಡೆಯದ ಕೆಲವರ ರಕ್ತದಲ್ಲಿಯೂ ಈ ಪ್ರತಿಕಾಯಗಳಿರುತ್ತವೆ. ಇದಲ್ಲದೆ ಕೆಲವು ರೋಗಿಗಳಲ್ಲಿ ಗುಳ್ಳೆಗಳು ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಕೆರಳಿಸಿ, ಔಷಧ ರಕ್ತಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ ಮುಖ ಕೆಂಪೇರುವುದು, ಉಸಿರು ಕಟ್ಟುವುದು ಮುಂತಾದ ತೊಂದರೆಗಳನ್ನು ಉಂಟುಮಾಡುವುದುಂಟು. ಆದುದರಿಂದ ಮೊದಲ ಸಲ ಔಷಧವನ್ನು ಬಹು ನಿಧಾನವಾಗಿ ಹರಿಸುವುದು ವೈದ್ಯರ ಕ್ರಮ.

ಇನ್ನೊಂದು ಉಪಾಯ ಮರೆಯಾಗುವುದಲ್ಲ, ಸ್ವಜನವೆಂದು ತೋರಿಸಿಕೊಳ್ಳುವುದು. ನಮ್ಮ ಕೆಂಪು ಕೋಶಗಳ ಮೇಲೆ ಸಿಡಿ೪೭ ಎಂಬ ಪ್ರೋಟೀನು ಇದೆ. ಮಹಾಭಕ್ಷಕ ಕೋಶಕ್ಕೆ ಅದು "ನಾನು ನಿಮ್ಮವನು, ನುಂಗಬೇಡ" ಎಂದು ಹೇಳುವ ರಹದಾರಿ ಇದ್ದಂತೆ. ಈ ಪ್ರೋಟೀನು ಇಲ್ಲದ ಇಲಿಗಳ ಕೆಂಪು ಕೋಶಗಳನ್ನು ಸಾಮಾನ್ಯ ಇಲಿಗಳಿಗೆ ಕೊಟ್ಟಾಗ ಅವು ಬೇಗನೆ ನಾಶವಾಗುವುದನ್ನು ೨೦೦೦ದಲ್ಲಿ ತೋರಿಸಲಾಯಿತು. ೨೦೧೩ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಸಿಡಿ೪೭ರ ಮುಖ್ಯ ಭಾಗವನ್ನು ಹೋಲುವ ಪುಟ್ಟ ಪೆಪ್ಟೈಡನ್ನು ನ್ಯಾನೋಕಣಗಳಿಗೆ ಜೋಡಿಸಿದಾಗ, ಇಲಿಗಳಲ್ಲಿ ಭಕ್ಷಕ ಕೋಶಗಳು ಆ ಕಣಗಳನ್ನು ತೆಗೆದುಹಾಕುವುದು ತಡವಾಯಿತು.

ಪ್ರಭಾವಳಿಯಿಂದಲೇ ಕೆಲಸ

ಪ್ರಭಾವಳಿ ಯಾವಾಗಲೂ ಶತ್ರುವೇ ಆಗಬೇಕಾದುದಿಲ್ಲ. ೨೦೧೮ರಲ್ಲಿ ಬಳಕೆಗೆ ಬಂದ ಪಟಿಸಿರಾನ್ ಎಂಬ ಔಷಧ ಒಂದು ಆನುವಂಶಿಕ ನರ ರೋಗಕ್ಕಾಗಿ ಮಾಡಿದುದು. ಅದರ ಆರ್‌ಎನ್‌ಎ ತುಣುಕನ್ನು ಮೇದಸ್ಸಿನ ನ್ಯಾನೋಕಣ ಹೊತ್ತೊಯ್ಯುವುದು. ರಕ್ತ ಸೇರಿದ ಮೇಲೆ ಕಣದ ಪೆಗ್ ಸರಪಳಿಗಳು ಮೆಲ್ಲಮೆಲ್ಲನೆ ಕಳಚಿಕೊಳ್ಳುವುವು. ಆ ಜಾಗಕ್ಕೆ ಅಪೊಲಿಪೊಪ್ರೋಟೀನ್-ಇ ಎಂಬ ಪ್ರೋಟೀನು ಬಂದು ಅಂಟುವುದು. ಕೊಬ್ಬನ್ನು ಪಿತ್ತಜನಕಾಂಗಕ್ಕೆ ತಲುಪಿಸುವ ವಿಳಾಸ ಚೀಟಿ ಇದೇ ಆದುದರಿಂದ, ಅಲ್ಲಿನ ಕೋಶಗಳು ಕಣವನ್ನು ಕೊಬ್ಬೆಂದೇ ಬಗೆದು ಒಳಕ್ಕೆ ಬರಮಾಡಿಕೊಳ್ಳುವುವು.

ಈ ಕಣದ ಮೇದಸ್ಸಿನಲ್ಲಿ ಇನ್ನೊಂದು ಜಾಣ್ಮೆಯುಂಟು. ರಕ್ತದ ಕ್ಷಾರತೆಯಲ್ಲಿ ಅದು ಹೆಚ್ಚುಕಡಮೆ ವಿದ್ಯುತ್ ತಟಸ್ಥ. ಕೋಶದೊಳಗಿನ ಆಮ್ಲೀಯ ಚೀಲವನ್ನು ಸೇರಿದಾಗ ಮಾತ್ರ ಧನವಿದ್ಯುತ್ತನ್ನು ಪಡೆದು, ಚೀಲದ ಪೊರೆಯನ್ನು ಭೇದಿಸಿ ಸರಕನ್ನು ಹೊರಬಿಡುವುದು. ಧನವಿದ್ಯುತ್ತಿನ ಅಪಾಯವನ್ನು ಬೇಕಾದ ಸ್ಥಳದಲ್ಲಿ, ಬೇಕಾದ ಹೊತ್ತಿನಲ್ಲಿ ಮಾತ್ರ ಬಳಸಿಕೊಳ್ಳುವ ಉಪಾಯವಿದು. ೨೦೨೦ರ ಕೊನೆಯಲ್ಲಿ ಬಂದ ಕೋವಿಡ್ ರೋಗದ ಎಂಆರ್‌ಎನ್‌ಎ ಲಸಿಕೆಗಳಲ್ಲಿಯೂ ಇದೇ ಜಾತಿಯ ಕಣಗಳಿದ್ದುವು. ಅಲ್ಲಿ ರಕ್ಷಕ ಕೋಶಗಳಿಂದ ತಪ್ಪಿಸಿಕೊಳ್ಳುವುದು ಗುರಿಯಲ್ಲ. ಅವು ಕಣವನ್ನು ನುಂಗಿ, ಪಾಠ ಕಲಿತು, ದುಗ್ಧಗ್ರಂಥಿಗಳಿಗೆ ಸುದ್ದಿ ಮುಟ್ಟಿಸುವುದೇ ಗುರಿ. ಅಲ್ಲಿ ಕಣದ ಮೇದಸ್ಸು ತಾನೇ ಕೋಶಗಳನ್ನು ಸ್ವಲ್ಪಮಟ್ಟಿಗೆ ಎಚ್ಚರಿಸಿದುದೂ ಲಸಿಕೆಗೆ ಸಹಾಯಕವಾಯಿತು.

ಇದಕ್ಕೆ ಪ್ರತಿಯಾಗಿ, ಪ್ರಭಾವಳಿ ಕೆಲಸ ಕೆಡಿಸಿದ ಉದಾಹರಣೆಯೂ ಇದೆ. ಡಬ್ಲಿನ್ ವಿಜ್ಞಾನಿಗಳು ಸಿಲಿಕ ಕಣಗಳಿಗೆ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ಜೋಡಿಸಿ, ಅದರ ಗ್ರಾಹಕವುಳ್ಳ ಕೋಶಗಳಿಗೆ ನೇರವಾಗಿ ತಲುಪುವಂತೆ ಮಾಡಿದ್ದರು. ರಕ್ತರಸ ಬೆರೆತಾಗ ಬೇರೆ ಪ್ರೋಟೀನುಗಳು ಮೇಲೆ ಮುಚ್ಚಿಕೊಂಡು ಈ ಗುರಿಹಿಡಿಯುವ ಶಕ್ತಿಯೇ ಇಲ್ಲದಂತಾಯಿತೆಂದು ಅವರು ೨೦೧೩ರಲ್ಲಿ ವರದಿ ಮಾಡಿದರು.

ಧೂಳಿನ ಪಾಠ

ಮೇಲ್ಮೈಯ ರಸಾಯನ ಆಸ್ಪತ್ರೆಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲನ್ನು ಕೊರೆದು ದುಡಿದವರನ್ನು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕಾಡಿತು. ಕಲ್ಲು ಒಡೆಯುವಲ್ಲಿ, ಅರೆಯುವಲ್ಲಿ ದುಡಿಯುವವರಿಗೆ ಇಂದಿಗೂ ಆ ಅಪಾಯ ತಪ್ಪಿಲ್ಲ. ಈ ಧೂಳಿನ ಬಹುಪಾಲು ಕಣಗಳು ನ್ಯಾನೋಕಣಕ್ಕಿಂತ ದೊಡ್ಡವು, ಸಾವಿರಾರು ನ್ಯಾನೋಮೀಟರು ಅಳತೆಯವು. ಆದರೆ ತತ್ತ್ವ ಒಂದೇ.

ಬೆಣಚು ಎಂದರೆ ಸಿಲಿಕದ ಹರಳು. ಶ್ವಾಸಕೋಶದ ಮಹಾಭಕ್ಷಕ ಕೋಶ ಈ ಧೂಳನ್ನು ನುಂಗಿ ಜೀರ್ಣಚೀಲಕ್ಕೆ ಸೇರಿಸುವುದು. ಕಲ್ಲು ಜೀರ್ಣವಾಗದು; ಬದಲಾಗಿ ಅದರ ಮೇಲ್ಮೈ ಚೀಲದ ಪೊರೆಯನ್ನೇ ಹರಿಯುವುದು. ಕೋಶ ಉರಿಯೂತದ ಸಂಕೇತವನ್ನು ಕೊಟ್ಟು ಸಾಯುವುದು. ಧೂಳು ಬಿಡುಗಡೆಯಾಗಿ ಮತ್ತೊಂದು ಕೋಶದ ಪಾಲಾಗುವುದು. ವರ್ಷಗಟ್ಟಲೆ ಹೀಗೆಯೇ ನಡೆದು ಶ್ವಾಸಕೋಶದಲ್ಲಿ ಗಟ್ಟಿಯಾದ ಕಲೆಗಳು ಬೆಳೆಯುವುವು. ಪೊರೆಯನ್ನು ಹರಿಯುವ ಗುಣ ಎಲ್ಲಿಂದ ಬಂದಿತು? ಸಿಲಿಕದ ಮೈಮೇಲೆ ಸಿಲನಾಲ್ ಎಂಬ ಹೈಡ್ರಾಕ್ಸಿಲ್ ಗುಂಪುಗಳಿವೆ. ಹರಳು ಒಡೆದಾಗ ಇವುಗಳಲ್ಲಿ ಕೆಲವು, ನೆರೆಯ ಗುಂಪುಗಳೊಡನೆ ಬಲವಾಗಿ ಬೆಸೆದುಕೊಳ್ಳದೆ ಹೆಚ್ಚುಕಡಮೆ ಬಿಡಿಯಾಗಿ ಉಳಿಯುವುವು; ಪೊರೆಯನ್ನು ಘಾಸಿಗೊಳಿಸುವವು ಇವೇ ಎಂದು ೨೦೨೦ರಲ್ಲಿ ಇಟಲಿಯ ಟೂರಿನ್ ನಗರದ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ತೋರಿಸಿದರು. ಸಿಲನಾಲುಗಳಿಗೆ ಅಂಟುವ ಒಂದು ಪಾಲಿಮರಿನಿಂದ ಹರಳಿನ ಮೈಯನ್ನು ಮುಚ್ಚಿದರೆ ಅದರ ಕ್ರೌರ್ಯ ತಗ್ಗುವುದೆಂಬುದು ಪ್ರಾಣಿಪ್ರಯೋಗಗಳಿಂದ ೧೯೬೦ರ ದಶಕದಲ್ಲಿಯೇ ತಿಳಿದಿತ್ತು. ಕಲ್ಲು ಬದಲಾಗಲಿಲ್ಲ, ಹೊರಮೈ ಬದಲಾಯಿತು. ಹೀಗಿದ್ದರೂ ಕಾರ್ಮಿಕರ ನಿಜವಾದ ರಕ್ಷಣೆ ಧೂಳೇಳದಂತೆ ನೀರು ಹರಿಸಿ ಕೊರೆಯುವುದರಲ್ಲಿ, ಗಾಳಿಯನ್ನು ಶುದ್ಧವಾಗಿಡುವುದರಲ್ಲಿ ಇದೆ ಎಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳು

"ನ್ಯಾನೋ" ಎಂಬ ಪದ ಇಂದು ಔಷಧದಿಂದ ಹಿಡಿದು ಬಣ್ಣದ ಡಬ್ಬಿಯವರೆಗೆ ಎಲ್ಲೆಡೆ ಕಾಣಸಿಗುತ್ತದೆ. ಯಾವುದಾದರೂ ನ್ಯಾನೋಕಣ ಹಿತಕರವೆಂದೋ ಅಪಾಯಕಾರಿಯೆಂದೋ ಓದಿದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕಣದ ಅಳತೆಯೆಷ್ಟು, ಅದರ ಮೈಮೇಲೆ ಏನಿದೆ? ಪ್ರಯೋಗ ನಡೆದುದು ಬರಿಯ ದ್ರವದಲ್ಲಿಯೋ, ರಕ್ತರಸವಿದ್ದ ದ್ರವದಲ್ಲಿಯೋ, ರಕ್ತರಸ ಯಾವ ಪ್ರಾಣಿಯದು? ಕಣದ ಮೇಲೆ ಬೇರೆ ಏನಾದರೂ ಅಂಟಿಕೊಂಡಿರಲಿಲ್ಲವೆಂದು ಪರೀಕ್ಷಿಸಲಾಗಿದೆಯೇ? ಮೂರನೆಯ ಪ್ರಶ್ನೆ ಸಣ್ಣದಲ್ಲ. ಬ್ಯಾಕ್ಟೀರಿಯಗಳ ಹೊರಕವಚದಿಂದ ಬರುವ ಎಂಡೊಟಾಕ್ಸಿನ್ ಎಂಬ ನಂಜು ನೀರಿನಲ್ಲಿಯೂ ಗಾಜಿನ ಪಾತ್ರೆಯಲ್ಲಿಯೂ ಲೇಶಮಾತ್ರ ಉಳಿದಿರಬಹುದು. ಅದು ಕಣಗಳಿಗೆ ಸುಲಭವಾಗಿ ಅಂಟುವುದು. ಮನುಷ್ಯನ ಮಾನೊಸೈಟುಗಳು ಅದರ ಅತ್ಯಲ್ಪ ಪ್ರಮಾಣಕ್ಕೂ ಕೆರಳುವುವು. ಪರೀಕ್ಷಿಸದಿದ್ದರೆ, ನಂಜಿನ ತಪ್ಪನ್ನು ನಿರಪರಾಧಿಯಾದ ಕಣದ ಮೇಲೆ ಹೊರಿಸಿದಂತಾಗುವುದು.

ಮೇಲ್ಮೈಯ ವಿಸ್ತೀರ್ಣ, ವಿದ್ಯುದಂಶಗಳು ಭೌತವಿಜ್ಞಾನದ ವಿಷಯ. ಲೇಪ ಮತ್ತು ಬಂಧಗಳು ರಸಾಯನದ ವಿಷಯ. ಗ್ರಾಹಕ ಮತ್ತು ಪ್ರತಿಕಾಯಗಳು ಜೀವವಿಜ್ಞಾನದ ವಿಷಯ. ಕಣವೊಂದು ರಕ್ತಕ್ಕೆ ಇಳಿದಾಗ ಈ ಮೂರೂ ಒಂದೇ ಕ್ಷಣದಲ್ಲಿ ಕೆಲಸಮಾಡುವುವು. ಕಾಲೇಜಿನಲ್ಲಿ ನಾವು ಬೇರೆಬೇರೆ ಕೊಠಡಿಗಳಲ್ಲಿ ಕುಳಿತು ಕಲಿಯುವ ಶಾಸ್ತ್ರಗಳನ್ನು ಒಟ್ಟುಗೂಡಿಸಿ ಯೋಚಿಸಬಲ್ಲವರಿಗೆ ಈ ಕ್ಷೇತ್ರದಲ್ಲಿ ಬೇಕಾದಷ್ಟು ಕೆಲಸವಿದೆ.

ಅಭ್ಯಾಸಕ್ಕಾಗಿ ಎರಡು ಪ್ರಶ್ನೆಗಳು

೧. ಒಂದೇ ತೂಕದ ಚಿನ್ನವನ್ನು ಒಮ್ಮೆ ೨೦ ನ್ಯಾನೋಮೀಟರು, ಇನ್ನೊಮ್ಮೆ ೫ ನ್ಯಾನೋಮೀಟರು ವ್ಯಾಸದ ಗೋಳಗಳಾಗಿ ಮಾಡಿದರೆ, ಎರಡನೆಯ ಸಲ ಕಣಗಳ ಸಂಖ್ಯೆ ೬೪ ಪಾಲು, ಒಟ್ಟು ಮೇಲ್ಮೈ ೪ ಪಾಲು ಹೆಚ್ಚುವುದೆಂದು ತೋರಿಸಿ. ಎರಡು ಬಗೆಯ ಕಣಗಳನ್ನು ಹೋಲಿಸುವ ಪ್ರಯೋಗದಲ್ಲಿ ಸಮನಾಗಿರಬೇಕಾದುದು ತೂಕವೇ, ಸಂಖ್ಯೆಯೇ, ಮೇಲ್ಮೈಯೇ? ಚರ್ಚಿಸಿ.

೨. ಚಿನ್ನದ ಕೆಂಪು ದ್ರವಕ್ಕೆ ಮೊದಲು ಉಪ್ಪು ಹಾಕಿ ಆಮೇಲೆ ಜೆಲಟಿನ್ ಬೆರೆಸಿದರೆ, ಕೆಂಪು ಬಣ್ಣ ಮರಳಿ ಬರುವುದೆಂದು ನಿರೀಕ್ಷಿಸಬಹುದೆ? ಕಾರಣವನ್ನು ಕೊಡಿ.